ಹೊಸಗಾಡಿ ಅಂಜಿನಣ್ಣನ ಬರಿಗಾಲು

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಅಂಜಿನೇಯನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಅಂಜಿನೇಯ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಹೊಸಗಾಡಿ ಅಂಜಿನಣ್ಣ ಅನ್ನಿ, ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಹೆಸರಿನಲ್ಲಿ ಹೊಸ ಗಾಡಿ ಇದೆಯೇ ಹೊರತು ಮನೆಯ ಮುಂದೆ ಇಲ್ಲ. ಅಲ್ಲಿರುವುದು ಗೋಡೆಗೆ ಒರಗಿಸಿದ ಒಂದು ಸೈಕಲ್ಲು, ಅದೂ ಗಾಳಿ ಹೋದದ್ದು. ಅರವತ್ತು ದಾಟಿದ ಈ ಮನುಷ್ಯ ಇಪ್ಪತ್ತು ವರ್ಷಗಳಿಂದ ಕಂಡವರ ಹೊಸ ಕಾರುಗಳನ್ನು ಷೋರೂಮಿನಿಂದ ಅವರವರ ಮನೆಗೆ ಮುಟ್ಟಿಸುತ್ತ ಬಂದಿದ್ದಾನೆ. ತನ್ನ ಮನೆಗೆ ಒಂದನ್ನೂ ತಂದಿಲ್ಲ.

ಈ ಬಿರುದನ್ನು ಅವನು ಬೇಡಿ ಪಡೆದದ್ದಲ್ಲ, ಅದೇ ಬಂದು ಗಂಟುಬಿತ್ತು. ಕೊಳಗಲ್ಲಿನ ಹೊಲದ ಕೆಲಸ ಬಿಟ್ಟು ಬಳ್ಳಾರಿಗೆ ಬಂದವನಿಗೆ ಬ್ರೂಸ್‌ಪೇಟೆಯ ಬಟ್ಟೆ ವ್ಯಾಪಾರಿ ಚನ್ನಬಸವರಾಜರು ತಮ್ಮ ಅಂಬಾಸಡರ್ ಕಾರಿನ ಸ್ಟೇರಿಂಗ್ ಕೊಟ್ಟಿದ್ದರು. ಬೆಳಗ್ಗೆ ಸಾಹುಕಾರರನ್ನು ಅಂಗಡಿಗೆ ಬಿಡುವುದು, ಸಂಜೆ ಅಮ್ಮನವರನ್ನು ಗುಡಿಗೆ ಕರೆದೊಯ್ಯುವುದು, ನಡುವೆ ಬೇವಿನ ಮರದ ನೆರಳಲ್ಲಿ ಒಂದು ನಿದ್ದೆ. ಹಾಗೇ ಇದ್ದುಬಿಟ್ಟಿದ್ದರೆ ಆಯುಷ್ಯ ಸದ್ದಿಲ್ಲದೆ ಸವೆಯುತ್ತಿತ್ತು. ಆದರೆ ಎರಡು ಸಾವಿರದ ಐದರಲ್ಲಿ ಸ್ವಿಫ್ಟ್ ಎಂಬ ಕಾರು ಬಂತು. ಗುಂಡಗೆ, ಗಿಡ್ಡಗೆ, ಹಿಂಭಾಗ ಕತ್ತರಿಸಿದಂತಿದ್ದ ಆ ಗಾಡಿಗೆ ಜನ ಮುಗಿಬಿದ್ದರು. ಅದಿರಿನ ದುಡ್ಡು ಊರಲ್ಲಿ ನೀರಿನಂತೆ ಹರಿಯುತ್ತಿದ್ದ ಕಾಲ. ಆದರೂ ಬುಕ್ ಮಾಡಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಸಿರುಗುಪ್ಪದ ಅಕ್ಕಿ ಗಿರಣಿಯ ವಿರೂಪಾಕ್ಷಪ್ಪನವರು, ಅಂದರೆ ನಮ್ಮ ಸಾಹುಕಾರರ ಬೀಗರು, ಕಾದೂ ಕಾದೂ ಒಂದನ್ನು ಪಡೆದರು. ಪಡೆದ ಮೇಲೆ ನೆನಪಾಯಿತು, ಮನೆಯಲ್ಲಿ ಒಬ್ಬರಿಗೂ ಕಾರು ಬಿಡಲು ಬರುವುದಿಲ್ಲ.

"ಅಂಜಿನಿ, ಹೋಗಿ ಬೀಗರ ಗಾಡಿ ಮುಟ್ಟಿಸಿ ಬಾರಲೇ" ಎಂದರು ಚನ್ನಬಸವರಾಜರು.

ಹೋದ. ಆ ಹೊಸ ವಾಸನೆ, ಸೀಟಿನ ಮೇಲಿನ ಪ್ಲಾಸ್ಟಿಕ್ಕು, ಕಾಲ ಕೆಳಗಿನ ಮಾಸದ ಮ್ಯಾಟು ಎಲ್ಲ ನೋಡಿ ಅವನಿಗೆ ಚಪ್ಪಲಿ ಹಾಕಿ ಹತ್ತಲು ಮನಸ್ಸು ಬರಲಿಲ್ಲ. ಬಿಚ್ಚಿ ಡಿಕ್ಕಿಯಲ್ಲಿಟ್ಟು, ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣಿಟ್ಟು ಬರಿಗಾಲಲ್ಲಿ ಕೂತ. ದಾರಿಯಲ್ಲಿ ಕುರುಗೋಡಿಗೆ ತಿರುಗಿಸಿ ದೊಡ್ಡಬಸವಣ್ಣನ ಗುಡಿಯ ಮುಂದೆ ಒಂದು ಕಾಯಿ ಒಡೆಸಿದ. ಸಿರುಗುಪ್ಪ ಮುಟ್ಟಿದಾಗ ವಿರೂಪಾಕ್ಷಪ್ಪನವರ ಹೆಂಡತಿ ಆರತಿ ಎತ್ತಿ, ಊಟ ಹಾಕಿ, ಹೆಗಲಿಗೆ ಒಂದು ಹೊಸ ಟವೆಲ್ಲು ಹೊದಿಸಿ ಕಳಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಿಂಗಳು ಕಳೆಯುವಷ್ಟರಲ್ಲಿ, ಮದುವೆಯಾಗಿ ಎಂಟು ವರ್ಷವಾದರೂ ಮಡಿಲು ತುಂಬದ ಆ ಮನೆಯ ಸೊಸೆಗೆ ವಾಂತಿ ಶುರುವಾಯಿತು. ಮುಂದೆ ಗಂಡು ಕೂಸೂ ಆಯಿತು. ಕಾರಿಗೂ ಕೂಸಿಗೂ ಏನು ಸಂಬಂಧ ಎಂದು ಆ ಮನೆಯಲ್ಲಿ ಒಬ್ಬರಾದರೂ ಕೇಳಬಾರದೆ? ಕೇಳಲಿಲ್ಲ. ಗಾಡಿ ತಂದವನ ಕೈಗುಣ ಎಂದರು. ಮಾತು ಸಿರುಗುಪ್ಪ, ಕುರುಗೋಡು, ಬಳ್ಳಾರಿ ಸುತ್ತಿ ಬರುವುದಕ್ಕೆ ಎಷ್ಟು ಹೊತ್ತು?

ಅಂದಿನಿಂದ ಯಾರ ಮನೆಗೆ ಸ್ವಿಫ್ಟ್ ಬಂದರೂ ಅಂಜಿನಣ್ಣನೇ ತರಬೇಕು. ಅವನು ಮೊದಲ ದಿನ ಅರಿಯದೆ ಮಾಡಿದ್ದೆಲ್ಲ ಶಾಸ್ತ್ರವಾಯಿತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬರಿಗಾಲು, ದೊಡ್ಡಬಸವಣ್ಣನಿಗೆ ಕಾಯಿ, ಮನೆ ಮುಟ್ಟಿದ ಮೇಲೆ ಟವೆಲ್ಲು. ಒಮ್ಮೆ ಮಳೆ ಜೋರೆಂದು ಕುರುಗೋಡಿಗೆ ಹೋಗದೆ ನೇರ ಸಿರುಗುಪ್ಪಕ್ಕೆ ಹೋದದ್ದಕ್ಕೆ ಗಾಡಿ ಕೊಂಡ ಮನೆಯವರು ಕಾರನ್ನು ಒಳಗೆ ಬಿಟ್ಟುಕೊಳ್ಳದೆ ವಾಪಸು ಕಳಿಸಿದ್ದರು. ಅವನು ಅಲ್ಲಿಂದ ಮತ್ತೆ ಕುರುಗೋಡಿಗೆ ಬಂದು ಕಾಯಿ ಒಡೆಸಿ ತಿರುಗಿ ಹೋದ. ಬೈಯಲಿಲ್ಲ. ಬೈಯುವ ಸ್ವಭಾವ ಅವನದಲ್ಲ, ಅದೇ ಅವನ ಸಂಕಟ.

ಟವೆಲ್ಲುಗಳು ಮನೆಯಲ್ಲಿ ಗುಡ್ಡೆ ಬಿದ್ದವು. ಹೆಂಡತಿ ಎಲ್ಲಮ್ಮ ಅವುಗಳಿಂದ ಮಗಳಿಗೆ ಕೌದಿ ಹೊಲಿದಳು, ಕಿಟಕಿಗೆ ಪರದೆ ಕಟ್ಟಿದಳು, ರೊಟ್ಟಿ ಸುತ್ತಿಟ್ಟಳು, ಕಡೆಗೆ ನೆಲ ಒರೆಸಿದಳು. "ಮಂದಿ ಗಾಡಿ ತಂದು ತಂದು ನಮ್ಮನಿಗೆ ಅರಬಿ ಬಂತು, ಗಾಡಿ ಬರಲಿಲ್ಲ" ಎಂದು ಒಮ್ಮೆ ಅಂದಳು. ಮತ್ತೆ ಅನ್ನಲಿಲ್ಲ, ಯಾಕೆಂದರೆ ಗಂಡನ ಮುಖ ಸಣ್ಣದಾದದ್ದನ್ನು ನೋಡಿದ್ದಳು.

ಆದರೆ ಒಂದು ಸುಖ ಅವನಿಗೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಬರಿಗಾಲಲ್ಲಿ ಹೊಸ ಗಾಡಿ ಬಿಡುವವನಿಗೆ ಗಾಡಿ ಅಂಗಾಲಿನಲ್ಲಿ ಮಾತಾಡುತ್ತದೆ. ಮೊದಲು ಬಂದ ಪೆಟ್ರೋಲ್ ಸ್ವಿಫ್ಟಿನ ಕ್ಲಚ್ಚು ಗಟ್ಟಿ, ಹಿಮ್ಮಡಿಗೆ ತಾಗುತ್ತಿತ್ತು. ಎರಡು ವರ್ಷಕ್ಕೆ ಡೀಸೆಲ್ ಇಂಜಿನ್ನಿನದು ಬಂತು ನೋಡಿ, ನಿಂತಲ್ಲೇ ಗಡಗಡ ಅದುರಿ ಮೊಣಕಾಲಿನ ತನಕ ಜುಮ್ಮೆನಿಸುತ್ತಿತ್ತು. ವಿರೂಪಾಕ್ಷಪ್ಪನವರು ಆಸೆ ತಡೆಯದೆ ಅದನ್ನೂ ಒಂದು ಕೊಂಡರು. ಎರಡು ಸಾವಿರದ ಹನ್ನೊಂದರಲ್ಲಿ ಮೈ ಬದಲಾಯಿತು, ಉದ್ದ ಕೊಂಚ ಹೆಚ್ಚಿತು, ಪೆಡಲ್ಲು ಹಗುರವಾಯಿತು. ಆ ವರ್ಷವೇ ಗಣಿಗಳು ನಿಂತದ್ದರಿಂದ, ಅಂಜಿನಣ್ಣ ತಂದು ಬಿಟ್ಟ ಕಾರುಗಳಲ್ಲಿ ಎಷ್ಟೋ ಹೊಸ ವಾಸನೆ ಆರುವ ಮುಂಚೆಯೇ ಮಾರಿಹೋದವು. ಆ ಮನೆಗಳಲ್ಲಿ ಅವನ ಕೈಗುಣದ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಅವನು ಅಂದೇ ಬಿಡುಗಡೆಯಾಗುತ್ತಿದ್ದ.

ಹದಿನೆಂಟರಲ್ಲಿ ಮತ್ತೆ ಹೊಸ ರೂಪ. ಆ ಸಲ ಕಂಪನಿಯವರಿಗೆ ಏನು ಹೊಳೆಯಿತೋ, ಹಿಂದಿನ ಬಾಗಿಲಿನ ಹಿಡಿಯನ್ನು ಬಾಗಿಲಿನಿಂದ ತೆಗೆದು ಮೇಲೆ ಕಿಟಕಿಯ ಮೂಲೆಯಲ್ಲಿ ಬಚ್ಚಿಟ್ಟರು. ಮದುವೆ ಮುಂಜಿಗೆ ಹೊರಟ ಮುದುಕಿಯರು ಬಾಗಿಲನ್ನು ಸವರುತ್ತ ನಿಲ್ಲುತ್ತಿದ್ದರು. ಇಪ್ಪತ್ತರಲ್ಲಿ ಹೊಗೆಯ ಕಾನೂನು ಬಂದು ಡೀಸೆಲ್ ಗಾಡಿ ಮಾಡುವುದನ್ನೇ ನಿಲ್ಲಿಸಿದರು. ಇಪ್ಪತ್ನಾಲ್ಕರಲ್ಲಿ ನಾಲ್ಕನೆಯ ರೂಪ, ನಾಲ್ಕು ಸಿಲಿಂಡರಿನ ಜಾಗಕ್ಕೆ ಮೂರು, ಬಾಗಿಲಿನ ಹಿಡಿ ಮತ್ತೆ ಮೊದಲಿನ ಜಾಗಕ್ಕೆ. ಕಂಪನಿಯ ಕಾರ್ಖಾನೆ ಮಾನೇಸರ್ ಎಂಬಲ್ಲಿ ಇದೆ, ಆಮೇಲೆ ಗುಜರಾತಿನಲ್ಲೂ ಆಯಿತು ಎಂದು ಷೋರೂಮಿನ ಹುಡುಗರು ಹೇಳಿದ್ದರು. ಅಂಜಿನಣ್ಣ ಅವೆರಡನ್ನೂ ಕಂಡವನಲ್ಲ. ಆದರೆ ಅಲ್ಲಿಯೂ ಒಬ್ಬ ಇರಬೇಕು, ಆಗಷ್ಟೇ ತಯಾರಾದ ಗಾಡಿಗೆ ಎಲ್ಲರಿಗಿಂತ ಮೊದಲು ಹತ್ತಿ ಅಂಗಳಕ್ಕೆ ತರುವವನು, ಅವನೂ ಚಪ್ಪಲಿ ಬಿಡುತ್ತಾನೋ ಇಲ್ಲವೋ ಎಂದು ಒಮ್ಮೊಮ್ಮೆ ಯೋಚಿಸುತ್ತಿದ್ದ.

ಈಗ ಅವನು ಮಾಡಿಕೊಂಡ ಒಂದು ತಪ್ಪಿನ ಮಾತಿಗೆ ಬರೋಣ. ಮೂರನೆಯ ರೂಪದ ಗಾಡಿಗಳನ್ನು ತರುವಾಗ ಅವನಿಗೆ ಒಂದು ಬೆರಗು. ವರ್ಷದಿಂದ ವರ್ಷಕ್ಕೆ ಗಾಡಿ ನುಣುಪಾಗುತ್ತಿದೆ. ಪೆಡಲ್ಲು ಬೆಣ್ಣೆ. ಇಂಜಿನ್ನಿನ ಅದುರು ಮೊದಲು ಕಡಿಮೆಯಾಯಿತು, ಆಮೇಲೆ ಇಲ್ಲವೇ ಇಲ್ಲ.

"ಕಂಪನಿಯೋರು ಭಾಳ ನಯ ಮಾಡ್ಯಾರ್ರಿ. ಗಾಡಿ ಚಾಲೂ ಆಗಿದ್ದೇ ಕಾಲಿಗೆ ಗೊತ್ತಾಗಂಗಿಲ್ಲ" ಎಂದು ಕಂಡಕಂಡವರಿಗೆ ಹೇಳಿದ. ಕುರುಗೋಡಿನ ಇಬ್ಬರು ಅವನ ಮಾತು ನಂಬಿಯೇ ಬುಕ್ ಮಾಡಿದರು. ಮನೆಯಲ್ಲಿ ಎಲ್ಲಮ್ಮ ಬೇರೆಯೇ ಒಂದು ಗಮನಿಸುತ್ತಿದ್ದಳು. ಗಂಡ ಅಂಗಡಿಗೆ ಹೋಗಿ ಬರುವಾಗ ಒಂದು ಕಾಲಿನ ಚಪ್ಪಲಿ ಬೀದಿಯಲ್ಲೇ ಕಳಚಿ ಉಳಿದಿರುತ್ತಿತ್ತು, ಅವನು ಹಾಗೇ ನಡೆದು ಬಂದಿರುತ್ತಿದ್ದ. "ಏನ್ರೀ, ಚಪ್ಪಲಿ ಬಿಟ್ಟು ಬಂದಿದ್ದೂ ಗೊತ್ತಾಗಂಗಿಲ್ಲೇನು?" ಎಂದು ನಗುತ್ತ ಹೋಗಿ ತರುತ್ತಿದ್ದಳು. ವಯಸ್ಸಿನ ಮರೆವು ಎಂದುಕೊಂಡರು ಇಬ್ಬರೂ.

ಹೋದ ವರ್ಷ ದಸರೆಗೆ ಮುಂಚೆ ಸಿರುಗುಪ್ಪದ ಗಿರಣಿಯಲ್ಲಿ ಲಾರಿಗೆ ದಾರಿ ಬೇಕೆಂದು, ಮೂಲೆಯಲ್ಲಿ ನಿಂತಿದ್ದ ಆ ಹಳೆಯ ಡೀಸೆಲ್ ಸ್ವಿಫ್ಟನ್ನು ಕೊಂಚ ಸರಿಸಲು, ಊರಿಗೆ ಬಂದಿದ್ದ ಅಂಜಿನಣ್ಣನನ್ನೇ ಕರೆದರು. ಕೂತ. ಕೀಲಿ ತಿರುಗಿಸಿದ. ಕೆಮ್ಮಿ ಕೆಮ್ಮಿ ಇಂಜಿನ್ನು ಹತ್ತಿಕೊಂಡಿತು. ಕನ್ನಡಿ ಕುಣಿಯುತ್ತಿತ್ತು, ಡ್ಯಾಶ್‌ಬೋರ್ಡಿನ ಮೇಲಿನ ಸಣ್ಣ ಗಣಪ ನಡುಗುತ್ತಿದ್ದ. ಅಂಜಿನಣ್ಣ ಕಾಲು ನೋಡಿಕೊಂಡ. ಎರಡೂ ಪಾದ ಪೆಡಲ್ಲಿನ ಮೇಲೇ ಇವೆ. ಅಂಗಾಲಿಗೆ ಏನೂ ಇಲ್ಲ. ಒಮ್ಮೆ ಮೊಣಕಾಲು ಜುಮ್ಮೆನಿಸಿದ ಅದೇ ಗಾಡಿ ಕಣ್ಣೆದುರಿಗೆ ಗಡಗಡ ಅದುರುತ್ತಿದೆ, ಕಾಲಿಗೆ ಮಾತ್ರ ಹತ್ತಿಯ ಮೇಲೆ ಇಟ್ಟಂತೆ. ಅವನಿಗೆ ಅಲ್ಲೇ ಅರ್ಥವಾಯಿತು. ನಯವಾದದ್ದು ಕಂಪನಿಯ ಗಾಡಿಯಲ್ಲ. ಸತ್ತದ್ದು ತನ್ನ ಕಾಲು. ಹೊರಗೆ ಹಮಾಲರು "ತಡ ಯಾಕಣ್ಣಾ, ಸರಸು" ಎಂದು ಕೂಗುತ್ತಿದ್ದರು. ಸರಿಸಿದ. ಇಳಿದು ಬಂದು ಅಕ್ಕಿ ಚೀಲದ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ.

ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು, ಗುಳಿಗೆ ನೆನಪಾದಾಗ ನುಂಗುತ್ತಿದ್ದ. ಈಗ ಬಳ್ಳಾರಿಯ ಒಬ್ಬ ಡಾಕ್ಟರು ಪಾದಕ್ಕೆ ಸೂಜಿ ತಾಗಿಸಿ ನೋಡಿ ಹೇಳಿದರು, ನರ ಸತ್ತಿವೆ, ಇದ್ದದ್ದನ್ನು ಕಾಪಾಡಿಕೋ, ಗಾಡಿ ಬಿಡುವುದನ್ನು ನಿಲ್ಲಿಸು. ಅಂಜಿನಣ್ಣನಿಗೆ ಅಳುವಿಗಿಂತ ಮೊದಲು ಬಂದದ್ದು ಒಂದು ದೊಡ್ಡ ನಿಟ್ಟುಸಿರು. ದಣಿದು ಹೋಗಿದ್ದ ಅವನು. ಮಂದಿಯ ನಂಬಿಕೆ ಹೊತ್ತು ಹೊತ್ತು ಹೆಗಲು ಬಿದ್ದಿತ್ತು. ನಿಲ್ಲಿಸಲು ಒಂದು ನೆಪ ಸಿಕ್ಕಿತು ಎಂದುಕೊಂಡ. ಬಂದವರಿಗೆಲ್ಲ ಬೆನ್ನುನೋವು ಎಂದು ಹೇಳಿ ಕಳಿಸತೊಡಗಿದ. ಕಾಲಿನ ಮಾತು ಎಲ್ಲಮ್ಮನಿಗೂ ಹೇಳಲಿಲ್ಲ. ಅವಳಿಗೆ ಗೊತ್ತಾದರೆ ಮಗಳಿಗೆ ಗೊತ್ತಾಗುತ್ತದೆ, ಮಗಳು ಸಿರುಗುಪ್ಪದ ಆಸ್ಪತ್ರೆಯಲ್ಲಿ ನರ್ಸು.

ಆ ಮಗಳೇ ಫೋನ್ ಮಾಡಿದಳು, ಈ ಬೇಸಿಗೆಯಲ್ಲಿ.

ಮೌನಿಕಾ ಒಬ್ಬಳೇ ಮಗಳು. ಗಂಡ ಹನುಮೇಶನಿಗೆ ಸಿರುಗುಪ್ಪದಲ್ಲಿ ಬೀಜ ಗೊಬ್ಬರದ ಅಂಗಡಿ. ಮದುವೆಯಾದ ಮೇಲೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಈಗ ಮೂರನೆಯದು. ಡ್ಯೂಟಿಗೆ ಸ್ಕೂಟಿಯಲ್ಲಿ ಹೋಗಬೇಡ ಎಂದು ಡಾಕ್ಟರು ಹೇಳಿದ್ದಕ್ಕೆ ಗಂಡಹೆಂಡತಿ ಸ್ವಿಫ್ಟ್ ಬುಕ್ ಮಾಡಿದ್ದರು.

"ಅಪ್ಪಾ, ಗಾಡಿ ನೀನ ತರಬೇಕು."

"ನನಗ ಬೆನ್ನು ನೋವು ಐತವ್ವಾ. ಷೋರೂಮಿನೋರ ಮುಟ್ಟಸ್ತಾರ ಬಿಡು."

"ನಮ್ಮತ್ತಿ ಅಂತಾರ, ನಿಮ್ಮಪ್ಪ ಕಂಡೋರ ಮನ್ಯಾಗೆಲ್ಲಾ ತೊಟ್ಲು ಕಟ್ಟಿಸ್ಯಾನ, ಮಗಳ ಮನಿ ಅಂದ್ರ ಬೆನ್ನು ನೋವು ಅಂತಾನೇನು ಅಂತ." ಎಂದಳು ಮೌನಿಕಾ. "ನಾ ಇದನ್ನ ನಂಬಾಕಿ ಅಲ್ಲಪ್ಪಾ. ನಿನಗ ಗೊತ್ತೈತಿ. ಆದ್ರ ಈ ಸಲ ನನಗ ಭಾಳ ಹೆದರಿಕಿ ಆಗಾಕತ್ತೈತಿ. ನಿನ್ನ ಕೈ ಇರ್ಲಿ."

ಏನು ಹೇಳಬೇಕಿತ್ತು ಅವನು? ನನ್ನ ಕೈಯಲ್ಲಿ ಏನೂ ಇಲ್ಲ, ಕಾಲಿನಲ್ಲೂ ಇಲ್ಲ ಎಂದರೆ ಹೆದರಿದವಳು ಇನ್ನಷ್ಟು ಹೆದರುತ್ತಾಳೆ. ಹೂಂ ಎಂದರೆ ಅದೇ ಸತ್ತ ಕಾಲಿನಿಂದ, ಬಸಿರು ಹೊತ್ತ ಮಗಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯಬೇಕು. ಅವನು ಹೂಂ ಎಂದ. ಇಪ್ಪತ್ತು ವರ್ಷ ಯಾರಿಗೂ ಇಲ್ಲ ಅನ್ನದ ಬಾಯಿ ಅದು, ಮಗಳಿಗೆ ಹೇಗೆ ಅಂದೀತು?

ಆ ದಿನ ಷೋರೂಮಿನಲ್ಲಿ ಎಲ್ಲರೂ ಇದ್ದರು. ಮೌನಿಕಾ, ಹನುಮೇಶ, ಅವನ ತಾಯಿ ಪಕ್ಕೀರಮ್ಮ. ಎಲ್ಲಮ್ಮ ಮೊದಲೇ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿ ಆರತಿಯ ತಯಾರಿಯಲ್ಲಿದ್ದಳು. ಟೈ ಕಟ್ಟಿದ ಹುಡುಗರು ರಟ್ಟಿನ ದೊಡ್ಡ ಕೀಲಿಯೊಂದನ್ನು ಕೊಟ್ಟು ಫೋಟೋ ತೆಗೆದರು. ಬಿಳಿ ಬಣ್ಣದ ಗಾಡಿ. ಪಕ್ಕೀರಮ್ಮ ಹಿಂದಿನ ಬಾಗಿಲನ್ನು ತಾನೇ ತೆಗೆದು, "ನಮ್ಮ ತಮ್ಮನ ಗಾಡ್ಯಾಗ ಈ ಹಿಡಿ ಹುಡುಕಿ ಹುಡುಕಿ ಸಾಕಾಗಿತ್ತು. ಈ ಸಲ ಇರೋ ಜಾಗದಾಗ ಐತಿ" ಎಂದು ಸಂಭ್ರಮಪಟ್ಟಳು. ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಕಾಯಿ, ಕೆಂಪು ಅಂಚಿನ ಹೊಸ ಟವೆಲ್ಲು. ಬೀಗರಿಗೆ ಹೊದಿಸಲೆಂದು ಊರಿಂದಲೇ ತಂದದ್ದು.

ಅಂಜಿನಣ್ಣ ಚಪ್ಪಲಿ ಬಿಟ್ಟು ಕೂತ. ನಿಂಬೆಹಣ್ಣು ಒಡೆದದ್ದು ಕಾಲಿಗಲ್ಲ, ಕಿವಿಗೆ ಗೊತ್ತಾಯಿತು. ಅಲ್ಲಿಂದ ಅವನ ಕಣ್ಣಿಗೆ ಎರಡು ಕೆಲಸ, ಒಮ್ಮೆ ದಾರಿ ನೋಡಬೇಕು, ಒಮ್ಮೆ ಬಗ್ಗಿ ತನ್ನ ಪಾದ ಎಲ್ಲಿದೆ ಎಂದು ನೋಡಬೇಕು. ಅಂಗಿ ಬೆವರಿಗೆ ಬೆನ್ನಿಗಂಟಿತು. ಹನುಮೇಶ ಏಸಿ ಹೆಚ್ಚಿಸಿದ.

ಕೊಳಗಲ್ಲು ದಾಟುವಾಗ ಕುರಿಹಿಂಡು ಅಡ್ಡ ಬಂತು. ಅಂಜಿನಣ್ಣ ಬ್ರೇಕು ಒತ್ತಿದ. ಒತ್ತಿದೆ ಎಂದುಕೊಂಡ. ಪಾದ ಪೆಡಲ್ಲಿನ ಅಂಚಿನಿಂದ ಜಾರಿತ್ತು. ಗಾಡಿ ಮುಂದೆ ಹೋಗುತ್ತಲೇ ಇತ್ತು, ಕುರುಬ ಕೋಲೆತ್ತಿ ಕೂಗುತ್ತಿದ್ದ. ಕಣ್ಣು ಬಗ್ಗಿಸಿ ಕಾಲನ್ನು ಹುಡುಕಿ, ಎತ್ತಿ, ಪೂರ್ತಿ ಭಾರ ಹಾಕಿ ತುಳಿದ. ಗಾಡಿ ಕುಕ್ಕರಿಸಿ ನಿಂತಿತು. ಒಂದು ಕುರಿ ಬಂಪರಿಗೆ ಮೈ ಉಜ್ಜಿಕೊಂಡು ಹೋಯಿತು.

"ಹೊಸಾ ಬ್ರೇಕು ನೋಡ್ರಿ, ಗಟ್ಟಿ ಇರ್ತಾವ" ಎಂದ ಅಂಜಿನಣ್ಣ. ಕನ್ನಡಿಯಲ್ಲಿ ಮಗಳು ಕಂಡಳು. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಆ ಕೈಗಳನ್ನು ನೋಡಿದ ಮೇಲೆ ಉಳಿದ ದಾರಿಯನ್ನು ಎತ್ತಿನ ಗಾಡಿಯ ವೇಗದಲ್ಲಿ ಬಿಟ್ಟ. ಹಿಂದಿನ ಲಾರಿಗಳು ಹಾರನ್ ಹೊಡೆದು ಬೈದುಕೊಂಡು ಮುಂದೆ ಹೋದವು.

ಕುರುಗೋಡಿನ ಗುಡಿಯ ಮುಂದೆ ನಿಲ್ಲಿಸಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಬಳ್ಳಾರಿಯ ಬಿಸಿಲನ್ನು ಯಾರಿಗೂ ವಿವರಿಸಬೇಕಾಗಿಲ್ಲ, ಅದರಲ್ಲೂ ಮಧ್ಯಾಹ್ನದ ಕಲ್ಲಿನ ಹಾಸು. ಪೂಜಾರಿ ಗೋಣಿತಟ್ಟು ಹಾಸಿಕೊಂಡು ನಿಂತ. ಪಕ್ಕೀರಮ್ಮ ಒಂದೊಂದೇ ಕಾಲು ಎತ್ತಿ ಕುಣಿದು, "ಯವ್ವಾ, ಸುಟ್ಟೆ" ಎನ್ನುತ್ತ ನೆರಳಿಗೆ ಓಡಿದಳು. ಹನುಮೇಶನೂ ಓಡಿದ. ಮೌನಿಕಾ ಗಾಡಿಯ ಬಾಗಿಲು ತೆಗೆದು ಒಳಗೇ ಕೂತಿದ್ದಳು. ಬಾನೆಟ್ಟಿನ ಮುಂದೆ ತಟ್ಟೆ ಹಿಡಿದು ನಿಂತವನು ಅಂಜಿನಣ್ಣ ಒಬ್ಬನೇ. ಪೂಜಾರಿ ಅವಸರವಿಲ್ಲದೆ ಮಂತ್ರ ಹೇಳಿದ, ಅವಸರವಿಲ್ಲದೆ ಸ್ವಸ್ತಿಕ ಬರೆದ. ಅಂಜಿನಣ್ಣ ಕದಲಲಿಲ್ಲ. ಅವನ ಬಾಯಲ್ಲಿ ಮಂತ್ರವಿರಲಿಲ್ಲ. ಮಗಳ ಕೂಸು ಉಳಿಯಲಿ, ಇದೊಂದು ಗಾಡಿ ಮುಟ್ಟಲಿ, ಮತ್ತೆ ನಿನ್ನ ಬಾಗಿಲಿಗೆ ಗಾಡಿ ತರುವುದಿಲ್ಲ ಎಂದು ಬಸವಣ್ಣನಿಗೆ ಹೇಳಿಕೊಳ್ಳುತ್ತಿದ್ದ.

"ನೋಡೋ ಹನುಮೇಶ, ನಮ್ಮ ಬೀಗರ ಭಕ್ತಿ ನೋಡು! ಕೆಂಡದಂಗ ಸುಡ್ತೈತಿ, ಅವರ ಕಾಲಿಗೆ ಗೊತ್ತಾ ಇಲ್ಲ" ಎಂದು ಪಕ್ಕೀರಮ್ಮ ನೆರಳಿನಿಂದ ಕೈ ಮುಗಿದಳು.

ಅವಳು ಹೊಗಳಿದ್ದು. ಆದರೆ ಗಾಡಿಯೊಳಗೆ ಕೂತಿದ್ದ ಮೌನಿಕಾ ಆ ಮಾತಿಗೆ ತಲೆ ಎತ್ತಿದಳು. ಅಪ್ಪನ ಪಾದದ ಕಡೆ ನೋಡಿದಳು. ಕಾಯಿ ಒಡೆದು, ತಟ್ಟೆ ಪಕ್ಕೀರಮ್ಮನ ಕೈಗೆ ಕೊಟ್ಟು ಅವನು ಸೀಟಿಗೆ ಬಂದು ಕಾಲು ಎತ್ತಿದಾಗ ಅಂಗಾಲು ಕಂಡಿತು. ಕೆಂಪಗೆ ಬೊಬ್ಬೆ ಎದ್ದು, ಒಂದು ಕಡೆ ಚರ್ಮ ಸುಲಿದಿತ್ತು. ಅವನು ಅದೇ ಕಾಲನ್ನು ಬ್ರೇಕಿನ ಮೇಲೆ ಇಟ್ಟು ಕೀಲಿಗೆ ಕೈ ಹಾಕುತ್ತಿದ್ದ.

"ಅಪ್ಪಾ, ಚಾಲೂ ಮಾಡಬ್ಯಾಡ." ಅವಳು ಇಳಿದು ಸುತ್ತಿ ಬಂದಳು. "ಕಾಲು ಸುಡಲಿಲ್ಲೇನು?"

"ಇಲ್ಲವ್ವಾ. ಎಲ್ಲಿ ಸುಡ್ತೈತಿ?"

ಅವಳು ಬಗ್ಗಿ ಬೊಬ್ಬೆಯ ಪಕ್ಕ ಉಗುರಿನಿಂದ ಒತ್ತಿದಳು. ಅವನು ಅವಳ ಮುಖ ನೋಡುತ್ತಿದ್ದ, ಒತ್ತಿದ್ದು ಗೊತ್ತಾಗಲಿಲ್ಲ. ಮೌನಿಕಾ ದಿನವೂ ಇಂಥ ಪಾದಗಳಿಗೆ ಪಟ್ಟಿ ಕಟ್ಟುವವಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಯಾವಾಗಿಂದ?"

"ಭಾಳ ವರ್ಷ ಆತು. ಮೊದಲು ಗಾಡೀನ ನಯ ಆಗ್ಯಾವ ಅನ್ಕೊಂಡಿದ್ದೆ."

"ಕುರಿ ಅಡ್ಡ ಬಂದಾಗ..."

"ಹೌದು. ಕಾಲು ಎಲ್ಲೈತಿ ಅಂತ ಗೊತ್ತಾಗಲಿಲ್ಲ."

ಮೌನಿಕಾಳ ಸಿಟ್ಟು ಉಕ್ಕಿ ಬಂತು. ಗುಡಿಯ ಮುಂದೆ ಎಂಬುದನ್ನೂ ನೋಡದೆ ಕೂಗಿದಳು. "ನನ್ನ ಕುಂದ್ರಿಸ್ಕೊಂಡು ಬಂದ್ಯಲ್ಲಪ್ಪಾ! ನಾ ಹೊಟ್ಯಾಗ ಇದನ್ನ ಇಟ್ಕೊಂಡು ಕುಂತೀನಿ! ಹೇಳಾಕ ಬಾಯಿ ಇರಲಿಲ್ಲೇನು ನಿನಗ?"

"ನಿನ್ನ ಕೈ ಇರ್ಲಿ ಅಂದ್ಯಲ್ಲವ್ವಾ" ಎಂದ ಅಂಜಿನಣ್ಣ. ದನಿ ಏರಿಸಲಿಲ್ಲ. "ಎಲ್ಲಾರೂ ಅಂದ್ರು, ನೀನೂ ಅಂದಿ. ನನ್ನ ಕೈಯಾಗ ಏನೂ ಇಲ್ಲ. ಯಾವತ್ತೂ ಇರಲಿಲ್ಲ. ಗಿರಣಿಯೋರ ಸೊಸಿಗೆ ಕೂಸು ದೇವರು ಕೊಟ್ಟ, ನಾ ಗಾಡಿ ಅಷ್ಟ ತಂದೆ. ಹೇಳಿದ್ರ ಯಾರು ಕೇಳ್ತಿದ್ರು? ಸಾಕಾಗೇತಿ ನನಗ. ಭಾಳ ಸಾಕಾಗೇತಿ."

ಇಪ್ಪತ್ತು ವರ್ಷದ ಮಾತು ಅಷ್ಟೇ. ಹೇಳಿ ಸ್ಟೇರಿಂಗಿಗೆ ಹಣೆ ಆನಿಸಿದ. ಮೌನಿಕಾ ಕಣ್ಣೊರೆಸಿಕೊಂಡಳು. ತಟ್ಟೆಯಿಂದ ಆ ಕೆಂಪಂಚಿನ ಟವೆಲ್ಲು ಎತ್ತಿ, ಬಾಟಲಿಯ ನೀರು ಸುರಿದು ಅಪ್ಪನ ಎರಡೂ ಪಾದ ತಣ್ಣಗೆ ಮಾಡಿದಳು. ಮತ್ತೆ ಹಲ್ಲಿನಿಂದ ಅಂಚು ಕಚ್ಚಿ ಟರ್ರನೆ ಹರಿದು ಎರಡು ಪಟ್ಟಿ ಮಾಡಿ ಸುತ್ತಿದಳು.

"ಅಯ್ಯಯ್ಯೋ, ಅದು ಬೀಗರಿಗೆ ಹೊದಸೋ ಟವಲ್ಲು!" ಎಂದಳು ಪಕ್ಕೀರಮ್ಮ.

"ಬೀಗರಿಗೇ ಸುತ್ತೀನಿ ಅತ್ತಿ" ಎಂದಳು ಮೌನಿಕಾ.

ಹನುಮೇಶ ಡ್ರೈವರೊಬ್ಬನನ್ನು ಹುಡುಕಲು ಹೊರಟ. ಅವನಿಗೆ ಬೈಕು ಬಿಟ್ಟರೆ ಬೇರೆ ಬರುವುದಿಲ್ಲ. ಮೌನಿಕಾ ಬೇಡ ಎಂದಳು. ಮದುವೆಗೆ ಮುಂಚೆ ಅಪ್ಪನೇ ಅವಳಿಗೆ ಸಾಹುಕಾರರ ಗಾಡಿಯಲ್ಲಿ ಕಲಿಸಿದ್ದ, ಲೈಸೆನ್ಸೂ ಇತ್ತು, ಬಿಟ್ಟು ಮಾತ್ರ ವರ್ಷಗಳಾಗಿದ್ದವು. ಪಕ್ಕೀರಮ್ಮ ಅಡ್ಡ ನಿಂತಳು. ಅವಳದೂ ತಪ್ಪಲ್ಲ. ಎರಡು ಸಲ ಸೊಸೆಯ ಪಕ್ಕ ಕೂತು ಅತ್ತವಳು ಅವಳು, ಹಿಡಿದುಕೊಳ್ಳಲು ಏನಾದರೂ ಬೇಕಿತ್ತು.

"ಏನರ ಅನ್ರಿ, ಗಾಡಿ ಅವರ ಕೈಲೆ ಮನಿ ಮುಟ್ಟಬೇಕು. ಅರ್ಧಕ್ಕ ಬಿಡಬಾರದು."

ಮೌನಿಕಾ ಅತ್ತೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ವಾದ ಮಾಡುವ ಶಕ್ತಿ ಅವಳಲ್ಲೂ ಉಳಿದಿರಲಿಲ್ಲ. "ಅಪ್ಪಾ, ಆ ಕಡಿ ಸೀಟಿಗೆ ಹೋಗು. ಗೇರು ನೀ ಹಾಕು. ಕ್ಲಚ್ಚು ಬ್ರೇಕು ನಾ ನೋಡ್ಕೋತೀನಿ. ಕೈ ಅಪ್ಪಂದ ಇರ್ಲಿ ಬಿಡ್ರಿ ಅತ್ತಿ, ಆತೇನು?"

ಪಕ್ಕೀರಮ್ಮ ಸ್ವಲ್ಪ ಯೋಚಿಸಿ, ಆಗಬಹುದು ಎಂಬಂತೆ ತಲೆಯಾಡಿಸಿ ಹಿಂದೆ ಹತ್ತಿದಳು.

ಮೌನಿಕಾ ಚಪ್ಪಲಿ ಬಿಟ್ಟು ಡಿಕ್ಕಿಯಲ್ಲಿಟ್ಟಳು. ಯಾರೂ ಹೇಳಿರಲಿಲ್ಲ. ಮ್ಯಾಟಿನ ಮೇಲೆ ಬರಿಗಾಲಿಟ್ಟು ಕೂತಳು. ಅಂಜಿನಣ್ಣ ಎಡಗಡೆ ಕೂತು ಬಲಗೈಯನ್ನು ಗೇರಿನ ಮೇಲೆ ಇಟ್ಟ. ಜೀವಮಾನದಲ್ಲಿ ಆ ಸೀಟಿನಲ್ಲಿ ಕೂತದ್ದು ಮಗಳಿಗೆ ಕಲಿಸುವಾಗ ಮಾತ್ರ. ಮೊದಮೊದಲು ಗಾಡಿ ಎರಡು ಸಲ ಎಗರಿ ನಿಂತಿತು. ಆಮೇಲೆ ಹೊಂದಿಕೆಯಾಯಿತು. ಅವಳು "ಹೂಂ" ಎಂದರೆ ಕ್ಲಚ್ಚು ಒತ್ತಿದ್ದಾಳೆ ಎಂದು ಅರ್ಥ, ಅವನು ಗೇರು ಬದಲಿಸುತ್ತಿದ್ದ. ಕೆಲವು ಊರು ದಾಟುವಷ್ಟರಲ್ಲಿ ಹೂಂ ಕೂಡ ಬೇಕಾಗಲಿಲ್ಲ. ಇಂಜಿನ್ನಿನ ದನಿ ಕೇಳಿಯೇ ಅವನ ಕೈ ಸರಿಯುತ್ತಿತ್ತು. ಎರಡೂ ಕಡೆ ಕೊಯ್ದ ಭತ್ತದ ಗದ್ದೆಗಳು, ಕಾಲುವೆ, ಬಿಸಿಲು. ಹಿಂದೆ ಪಕ್ಕೀರಮ್ಮ ಬಾಯಿ ತೆರೆದು ನಿದ್ದೆ ಹೋದಳು. ಇಷ್ಟು ಸಣ್ಣ ಒಪ್ಪಂದಕ್ಕೆ ಇಷ್ಟು ನಿಶ್ಚಿಂತೆ ಸಿಗುವುದಾದರೆ ಅವಳ ಮೇಲೆ ಯಾರಿಗೆ ತಾನೆ ಸಿಟ್ಟು ಬಂದೀತು?

ಸಿರುಗುಪ್ಪದ ಮನೆಯ ಮುಂದೆ ಎಲ್ಲಮ್ಮ ಆರತಿ ಹಿಡಿದು ನಿಂತಿದ್ದಳು. ಸ್ಟೇರಿಂಗ್ ಹಿಡಿದ ಮಗಳನ್ನೂ, ಟವೆಲ್ಲು ಸುತ್ತಿದ ಗಂಡನ ಕಾಲುಗಳನ್ನೂ ನೋಡಿ ಅವಳ ಮುಖದ ಬಣ್ಣ ಇಳಿಯಿತು. ಹನುಮೇಶ ಇಳಿದು ಹೋಗಿ ಮೆಲ್ಲಗೆ ಏನೋ ಹೇಳತೊಡಗಿದ. ಪಕ್ಕೀರಮ್ಮನೂ ಎದ್ದು ಹಿಡಿ ಹುಡುಕದೆ ಬಾಗಿಲು ತೆಗೆದು ಇಳಿದಳು. ಗಾಡಿಯಲ್ಲಿ ಉಳಿದವರು ಅಪ್ಪ ಮಗಳು ಇಬ್ಬರೇ. ಮೌನಿಕಾ ಇಂಜಿನ್ನು ಆರಿಸಲು ಕೈ ಚಾಚಿದಳು.

"ಒಂದೀಟು ತಡಿ" ಎಂದ ಅಂಜಿನಣ್ಣ. "ಗೇರಿಲ್ಲದ ನಿಂತೈತಲ್ಲ ಈಗ. ಕಾಲಿಗೆ ಏನರ ಗೊತ್ತಾಗ್ತೈತೇನು?"

ಮೌನಿಕಾ ಬರಿಗಾಲನ್ನು ಪೆಡಲ್ಲಿನ ಮೇಲೆ ಹಗುರವಾಗಿ ಇಟ್ಟು ಸುಮ್ಮನೆ ಕೂತಳು. ಕಣ್ಣು ಮುಚ್ಚಿದಳು.

"ಗೊತ್ತಾಗ್ತೈತಪ್ಪಾ. ಸಣ್ಣಗ ನಡುಗ್ತೈತಿ."

"ಎಷ್ಟು? ಹೆಂಗ?"

ಅವಳು ಗೇರಿನ ಮೇಲಿದ್ದ ಅಪ್ಪನ ಕೈಯನ್ನು ಎತ್ತಿಕೊಂಡಳು. ತನ್ನ ಕಾಲಿಗೆ ತಿಳಿದಷ್ಟೇ ಮೆಲ್ಲಗೆ, ಅದೇ ಲಯದಲ್ಲಿ, ಬೆರಳ ತುದಿಯಿಂದ ಅವನ ಅಂಗೈ ಮೇಲೆ ತಟ್ಟುತ್ತ ತೋರಿಸಿದಳು. ಅಂಜಿನಣ್ಣ ಕೇಳಿಸಿಕೊಂಡ. ಹೌದು, ಇದು ಬೇರೆ, ಮೂರು ಸಿಲಿಂಡರಿನದು, ಹಳೆಯ ಯಾವುದರಂತೆಯೂ ಇಲ್ಲ. ಹೊರಗೆ ಎಲ್ಲಮ್ಮನ ಆರತಿಯ ದೀಪ ಗಾಳಿಗೆ ಆರುವಂತಾಗಿತ್ತು, ಅವಳು ಸೆರಗು ಮರೆ ಮಾಡಿ ಕಾಯುತ್ತಿದ್ದಳು.

"ಆತವ್ವಾ, ಆರಸು" ಎಂದ ಅವನು. ಆದರೆ ಕೈಯನ್ನು ಮಾತ್ರ ಮಗಳ ಕೈಯಿಂದ ತೆಗೆಯಲಿಲ್ಲ.